ಡಿರಿಕ್ಲೆ ಸ್ಪೇಸ್‌ನಲ್ಲಿ ಇನ್ನರ್ ಫಂಕ್ಷನ್: ವಿಸ್ತೀರ್ಣ ಎಣಿಸಿ ಉತ್ತರ ಕಂಡುಕೊಂಡ ಬಗೆ

ಹಾರ್ಡಿ ಸ್ಪೇಸ್ (ಯೂನಿಟ್ ಡಿಸ್ಕ್, ಅಂದರೆ ತ್ರಿಜ್ಯ 1ರ ವೃತ್ತದ ಒಳಗೆ ಅನಲಿಟಿಕ್ ಆಗಿದ್ದು, ಟೇಲರ್ ಸರಣಿಯ ಗುಣಾಂಕಗಳ ಗಾತ್ರದ ವರ್ಗಗಳ ಮೊತ್ತ ಸೀಮಿತವಾದ ಫಂಕ್ಷನ್‌ಗಳ ಸ್ಪೇಸ್) ಓದಿದವರಿಗೆಲ್ಲ ಇನ್ನರ್ ಫಂಕ್ಷನ್ ಅಚ್ಚುಮೆಚ್ಚು. ಅದೂ ಅನಲಿಟಿಕ್ ಫಂಕ್ಷನ್ನೇ. ಯೂನಿಟ್ ಡಿಸ್ಕ್ ಒಳಗೆ ಅದರ ಗಾತ್ರ 1 ದಾಟುವುದಿಲ್ಲ. ಅಂಚಿನ ಮೇಲೆ, ಅಳತೆ ಸೊನ್ನೆಯ ಒಂದು ಗಣ ಬಿಟ್ಟರೆ, ಸರಿಯಾಗಿ 1. ಅದರಿಂದ ಗುಣಿಸಿದರೆ ನಾರ್ಮ್, ಅಂದರೆ ಆ ಸ್ಪೇಸ್‌ನಲ್ಲಿ ಫಂಕ್ಷನ್‌ನ ಅಳತೆ, ಒಂಚೂರೂ ಬದಲಾಗದು. ಶಿಫ್ಟ್ ಆಪರೇಟರ್‌ನ (ಝಡ್‌ನಿಂದ ಗುಣಿಸುವ ಕ್ರಿಯೆ) ಸೊನ್ನೆಯಲ್ಲದ ಮುಚ್ಚಿದ ಇನ್‌ವೇರಿಯಂಟ್ ಸಬ್‌ಸ್ಪೇಸ್‌ಗಳೆಲ್ಲ (ಹಾಗೆ ಗುಣಿಸಿದರೂ ಫಲ ತಮ್ಮೊಳಗೇ ಉಳಿಯುವಂಥವು) ಒಂದೊಂದು ಇನ್ನರ್ ಫಂಕ್ಷನ್‌ನಿಂದ ಹುಟ್ಟುತ್ತವೆ ಎಂದು ಗಣಿತಜ್ಞ ಬ್ಯೂರ್ಲಿಂಗ್ 1949ರಲ್ಲಿ ತೋರಿಸಿದರು. ಇಷ್ಟು ಒಳ್ಳೆಯ ಫಂಕ್ಷನ್‌ಗಳು ಡಿರಿಕ್ಲೆ ಸ್ಪೇಸ್‌ನಲ್ಲೂ ಮಲ್ಟಿಪ್ಲೈಯರ್ ಆಗುತ್ತವೆಯೇ, ಅಂದರೆ ಆ ಸ್ಪೇಸ್‌ನ ಯಾವ ಫಂಕ್ಷನ್ ಅನ್ನು ಅವುಗಳಿಂದ ಗುಣಿಸಿದರೂ ಫಲ ಆ ಸ್ಪೇಸ್‌ನಲ್ಲೇ ಉಳಿಯುತ್ತದೆಯೇ? ಈ ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಡಿರಿಕ್ಲೆ ಸ್ಪೇಸ್‌ನ ನಾರ್ಮ್‌ನಲ್ಲಿ ಡಿಸ್ಕ್ ಮೇಲೆ ಡಿರೈವೇಟಿವ್‌ನ ಗಾತ್ರದ ವರ್ಗದ ಇಂಟೆಗ್ರಲ್ ಕೂಡ ಸೇರುತ್ತದೆ; ಅದು ಸೀಮಿತವಾದರಷ್ಟೇ ಫಂಕ್ಷನ್ ಈ ಸ್ಪೇಸ್‌ನಲ್ಲಿರುತ್ತದೆ. ಪೈನಿಂದ ಭಾಗಿಸಿದ ಈ ಇಂಟೆಗ್ರಲ್‌ಗೆ ಡಿರಿಕ್ಲೆ ಇಂಟೆಗ್ರಲ್ ಎಂದು ಹೆಸರು; ಝಡ್‌ನ ಎನ್‌ನೇ ಘಾತಕ್ಕೆ ಅದು ಎನ್ ಬರುತ್ತದೆ. ಅಂದರೆ ಇಲ್ಲಿ ಗುಣಿಸುವುದಕ್ಕೆ ಬೆಲೆ ತೆರಬೇಕು. ಇನ್ನೊಂದು ಮಾತು: 1 ಎಂಬ ಸ್ಥಿರ ಫಂಕ್ಷನ್ ಈ ಸ್ಪೇಸ್‌ನಲ್ಲೇ ಇದೆ. ಹಾಗಾಗಿ ಮಲ್ಟಿಪ್ಲೈಯರ್ ಆಗುವ ಯಾವುದೇ ಫಂಕ್ಷನ್ ಮೊದಲು ತಾನೇ ಸ್ಪೇಸ್ ಒಳಗಿರಬೇಕು.

ನಾನು ಶುರು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಸಿಂಗ್ಯುಲರ್ (ಡಿಸ್ಕ್ ಒಳಗೆ ಎಲ್ಲೂ ಸೊನ್ನೆಯಾಗದ) ಇನ್ನರ್ ಫಂಕ್ಷನ್‌ನಿಂದ. ಝಡ್ ಕೂಡಿಸು 1 ಅನ್ನು ಝಡ್ ಕಳೆ 1ರಿಂದ ಭಾಗಿಸಿ, ಅದರ ಎಕ್ಸ್‌ಪೊನೆನ್ಶಿಯಲ್ ತೆಗೆದುಕೊಳ್ಳುವುದು. ಟೇಲರ್ ಸರಣಿ ಬರೆದರೆ ಲಗೇರ್ ಪಾಲಿನಾಮಿಯಲ್‌ಗಳು ಬರುತ್ತವೆ. ಆ ದಾರಿಯಲ್ಲೂ ಉತ್ತರ ಸಿಗುತ್ತದೆ. ಆದರೆ ಯಾಕೆ ಹಾಗೆ ಅನ್ನುವುದು ಕಾಣುವುದಿಲ್ಲ, ಅಲ್ವಾ? ಅದಕ್ಕೇ ಚಿತ್ರದ ಕಡೆ ತಿರುಗಿದೆ. ಡಿರೈವೇಟಿವ್‌ನ ವರ್ಗದ ಇಂಟೆಗ್ರಲ್ ಅಂದರೆ ಫಂಕ್ಷನ್ ಮುಚ್ಚುವ ವಿಸ್ತೀರ್ಣ, ಎಷ್ಟು ಸಲ ಮುಚ್ಚಿತೋ ಅಷ್ಟು ಸಲ ಎಣಿಸಿ. ಇಲ್ಲಿ ಡಿಸ್ಕ್ ಮೊದಲು ಎಡಗಡೆಯ ಅರ್ಧ ಸಮತಲ ಆಗುತ್ತದೆ. ಅದನ್ನು 2 ಪೈ ಎತ್ತರದ ಅಡ್ಡ ಪಟ್ಟಿಗಳಾಗಿ ಕತ್ತರಿಸಿ. ಒಂದೊಂದು ಪಟ್ಟಿಯನ್ನೂ ಎಕ್ಸ್‌ಪೊನೆನ್ಶಿಯಲ್ ಇಡೀ ಡಿಸ್ಕ್ ಮೇಲೆ, ಸೊನ್ನೆ ಬಿಟ್ಟು, ಒಂದು ಸಲ ಹಾಸುತ್ತದೆ. ಪಟ್ಟಿಗಳಿಗೆ ಕೊನೆಯಿಲ್ಲ, ವಿಸ್ತೀರ್ಣಕ್ಕೂ ಕೊನೆಯಿಲ್ಲ. ಈ ಫಂಕ್ಷನ್ ಸ್ಪೇಸ್‌ನಲ್ಲೇ ಇಲ್ಲ!

ಇದೇ ವಾದ ಎಲ್ಲಕ್ಕೂ ನಡೆಯುತ್ತದೆ. ಎನ್ ಸೊನ್ನೆಗಳ ಬ್ಲಾಷ್ಕೆ ಪ್ರಾಡಕ್ಟ್ (ಡಿಸ್ಕ್‌ನಲ್ಲಿ ಆರಿಸಿದ ಬಿಂದುಗಳಲ್ಲಿ ಸೊನ್ನೆಯಾಗುವಂತೆ, ಒಂದೊಂದು ಸೊನ್ನೆಗೂ ಒಂದೊಂದು ಸರಳ ಅಂಶ ಗುಣಿಸಿ ಕಟ್ಟಿದ ಇನ್ನರ್ ಫಂಕ್ಷನ್) ಡಿಸ್ಕನ್ನು ಸರಿಯಾಗಿ ಎನ್ ಸಲ ಮುಚ್ಚುತ್ತದೆ. ಅದು ಅಂಚಿನಾಚೆಗೂ ಅನಲಿಟಿಕ್, ಹಾಗಾಗಿ ಮಲ್ಟಿಪ್ಲೈಯರ್ ಹೌದು. ಉಳಿದ ಇನ್ನರ್ ಫಂಕ್ಷನ್‌ಗಳಿಗೆ ಫ್ರಾಸ್ಟ್‌ಮನ್‌ರ 1935ರ ಪ್ರಮೇಯ ಸಾಕು. ಕೆಪಾಸಿಟಿ ಸೊನ್ನೆಯ (ವಿಸ್ತೀರ್ಣವೂ ಸೊನ್ನೆಯಾಗುವಷ್ಟು ಚಿಕ್ಕ) ಗಣವೊಂದನ್ನು ಬಿಟ್ಟು, ಡಿಸ್ಕ್‌ನ ಪ್ರತಿ ಬಿಂದುವನ್ನೂ ಅವು ಅನಂತ ಸಲ ಮುಟ್ಟುತ್ತವೆ. ಅಂದರೆ ಅವು ಮುಚ್ಚುವ ವಿಸ್ತೀರ್ಣಕ್ಕೂ ಕೊನೆಯಿಲ್ಲ. ಹೀಗಾಗಿ ಡಿರಿಕ್ಲೆ ಸ್ಪೇಸ್‌ನಲ್ಲಿ ಮಲ್ಟಿಪ್ಲೈಯರ್ ಆಗುವ ಇನ್ನರ್ ಫಂಕ್ಷನ್‌ಗಳು, ಸ್ಥಿರಗಳನ್ನು ಬಿಟ್ಟರೆ, ಸೀಮಿತ ಬ್ಲಾಷ್ಕೆ ಪ್ರಾಡಕ್ಟ್‌ಗಳು ಮಾತ್ರ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಇದರ ಮುಂದಿನದು. ಬ್ಲಾಷ್ಕೆ ಪ್ರಾಡಕ್ಟ್‌ನಿಂದ ಸ್ಪೇಸ್‌ನ ಯಾವುದೋ ಫಂಕ್ಷನ್ ಎಫ್ ಅನ್ನು ಗುಣಿಸಿದರೆ ಡಿರಿಕ್ಲೆ ಇಂಟೆಗ್ರಲ್ ಎಷ್ಟು ಏರುತ್ತದೆ ಎಂದು ಕಾರ್ಲೆಸನ್ 1960ರಲ್ಲಿ ನಿಖರವಾಗಿ ಬರೆದರು. ಪ್ರತಿ ಸೊನ್ನೆಗೂ ಒಂದು ಪ್ವಾಸಾಂ ಕರ್ನಲ್ (ಅಂಚಿನಲ್ಲಿ ಆ ಸೊನ್ನೆಗೆ ಹತ್ತಿರದ ಬಿಂದುಗಳಿಗೆ ಹೆಚ್ಚು ತೂಕ ಕೊಡುವ ಫಂಕ್ಷನ್) ಹಾಕಿ, ಅಂಚಿನ ಮೇಲೆ ಎಫ್‌ನ ಗಾತ್ರದ ವರ್ಗದ ಸರಾಸರಿ ತೆಗೆದರೆ ಆಯಿತು. ಈಗ ಒಂದೇ ಸೊನ್ನೆ ಇಟ್ಟುಕೊಂಡು ಅದನ್ನು ಅಂಚಿನ ಕಡೆ ಸರಿಸಿ ನೋಡಿ. ಆ ಫಂಕ್ಷನ್‌ನ ಡಿರಿಕ್ಲೆ ಇಂಟೆಗ್ರಲ್ ಕದಲದೆ 1ರಲ್ಲೇ ಇರುತ್ತದೆ. ಆದರೆ ಆ ಸೊನ್ನೆಯ ಹತ್ತಿರ ದೊಡ್ಡದಾಗುವ ಎಫ್ ಆರಿಸಿಕೊಂಡರೆ ಸರಾಸರಿ ಏರುತ್ತಲೇ ಹೋಗುತ್ತದೆ. ಮಲ್ಟಿಪ್ಲೈಯರ್ ನಾರ್ಮ್‌ನ (ಗುಣಿಸಿದಾಗ ನಾರ್ಮ್ ಹೆಚ್ಚೆಂದರೆ ಎಷ್ಟು ಪಟ್ಟು ಏರಬಹುದು ಎಂಬ ಅಳತೆಯ) ವರ್ಗ, ಅಂಚಿಗೆ ಉಳಿದ ದೂರದ ವಿಲೋಮದ ಲಾಗರಿದಮ್‌ನಂತೆ, ಮಿತಿಯಿಲ್ಲದೆ ಬೆಳೆಯುತ್ತದೆ.