ದೊಡ್ಡ ನಾರ್ದರ್ನ್ ಗಾಳಕ್ಕೆ ಬಿದ್ದರೆ: ಮಿನಿಸೋಟಕ್ಕೆ ಹೊಸದಾಗಿ ಬಂದವರಿಗೆ

ಮಿನಿಯಾಪೊಲಿಸ್‌ಗೆ ಬಂದು ಒಂದು ಚಳಿಗಾಲ ದಾಟಿದ ನಮ್ಮವರು ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಇದು: ಮೇ ತಿಂಗಳು ಬಂದರೆ ಸಾಕು, ಆಫೀಸಿನ ಅರ್ಧ ಜನ ಎಲ್ಲಿಗೆ ಮಾಯವಾಗ್ತಾರೆ? ಮೀನಿಗೆ. ಮೇ ನಡುವಿನ ಒಂದು ಶನಿವಾರ ಸೀಸನ್ ತೆರೆಯುತ್ತದೆ, ಅವತ್ತು ರಾಜ್ಯದ ಗವರ್ನರ್ ಕೂಡ ಗಾಳ ಹಿಡಿದು ದೋಣಿ ಹತ್ತುವುದು ಇಲ್ಲಿನ ಪದ್ಧತಿ. ಅವರೆಲ್ಲ ಹೋಗುವುದು ರಾಜ್ಯಮೀನು ವಾಲೈಗಾಗಿ. ನಾನು ಹೇಳಹೊರಟಿದ್ದು ಅವರಲ್ಲಿ ಅನೇಕರು ಮೂಗು ಮುರಿಯುವ ಇನ್ನೊಂದು ಮೀನಿನ ವಿಷಯ. ಪುಸ್ತಕದಲ್ಲಿ ಅದು ನಾರ್ದರ್ನ್ ಪೈಕ್, ಇಲ್ಲಿನವರ ಬಾಯಲ್ಲಿ ಬರೀ 'ನಾರ್ದರ್ನ್'. ಚಿಕ್ಕದಾಗಿದ್ದರೆ 'ಹ್ಯಾಮರ್ ಹ್ಯಾಂಡಲ್', ಅಂದರೆ ಸುತ್ತಿಗೆಯ ಹಿಡಿ. ಬಾತುಕೋಳಿ ಕೊಕ್ಕಿನಂಥ ಮೂತಿ, ಪಾಚಿಹಸಿರು ಮೈ, ಅದರ ಮೇಲೆ ಅಕ್ಕಿ ಚೆಲ್ಲಿದಂತೆ ತಿಳಿ ಚುಕ್ಕೆ. ಕಳೆಯೊಳಗೆ ಕಡ್ಡಿಯಂತೆ ನಿಂತಿದ್ದು, ಬೇಟೆ ಹತ್ತಿರ ಬಂದಾಗ ಬಾಣ ಬಿಟ್ಟ ಹಾಗೆ ನುಗ್ಗುತ್ತದೆ.

ಮೊದಲು ಲೈಸೆನ್ಸ್. 16 ವರ್ಷ ತುಂಬಿದವರಿಗೆಲ್ಲ ಬೇಕು, ಆನ್‌ಲೈನಲ್ಲೇ ಸಿಗುತ್ತದೆ. ಬೇಸಿಗೆಯಲ್ಲಿ ಒಬ್ಬರಿಗೆ ಒಂದೇ ಗಾಳ, ಮಂಜುಗಡ್ಡೆಯ ಮೇಲೆ ಎರಡು. ದೋಣಿ ಹೊರಗೆ ತೆಗೆದಾಗ ಅಡಿಯ ಬಿರಡೆ ಬಿಚ್ಚಿ ನೀರು ಖಾಲಿ ಮಾಡಬೇಕು. ಉಳಿದ ಎರೆಮೀನನ್ನು ಕೆರೆಗೆ ಸುರಿಯುವಂತಿಲ್ಲ, ಕಸದ ಬುಟ್ಟಿಗೆ ಹಾಕಿ. ಇದಿಷ್ಟನ್ನು ಬೇರೆಯವರೂ ಹೇಳಿಕೊಡುತ್ತಾರೆ.

ಅಷ್ಟಾಗಿ ಯಾರೂ ಹೇಳಿಕೊಡದ ಸಂಗತಿ ಒಂದಿದೆ. ಇದರ ಅಣ್ಣನಂತೆ ಕಾಣುವ ಇನ್ನೊಂದು ಮೀನು ಮಸ್ಕಿ. ಮಿನಿಸೋಟದ ಒಳನಾಡಿನ ಹೆಚ್ಚಿನ ಕೆರೆಗಳಲ್ಲಿ 54 ಇಂಚು ಇಲ್ಲದ ಮಸ್ಕಿಯನ್ನು ಇಟ್ಟುಕೊಂಡರೆ ಅಪರಾಧ. ನಾರ್ದರ್ನ್‌ಗೆ ಗಾಢ ಬಣ್ಣದ ಮೈಮೇಲೆ ತಿಳಿ ಚುಕ್ಕೆ, ಮಸ್ಕಿಗೆ ತಿಳಿ ಮೈಮೇಲೆ ಕಪ್ಪು ಗುರುತು. ನಾರ್ದರ್ನ್ ಬಾಲದ ತುದಿ ದುಂಡಗೆ, ಮಸ್ಕಿಯದು ಚೂಪು. ಇನ್ನೂ ಅನುಮಾನವಿದ್ದರೆ ಕೆಳದವಡೆಯ ಅಡಿಯ ಸಣ್ಣ ರಂಧ್ರ ಎಣಿಸಿ. ಒಂದು ಬದಿಗೆ ಐದೋ ಅದಕ್ಕಿಂತ ಕಡಿಮೆಯೋ ಇದ್ದರೆ ನಾರ್ದರ್ನ್, ಆರು ಅಥವಾ ಹೆಚ್ಚಿದ್ದರೆ ಮಸ್ಕಿ. ಎಣಿಸುವಷ್ಟು ಹೊತ್ತು ಗೊಂದಲವಾದರೆ ಬಿಟ್ಟುಬಿಡಿ.

ಈಗ ಅಳತೆಯ ಲೆಕ್ಕ. 2018ರಿಂದ ನಾರ್ದರ್ನ್ ಮಟ್ಟಿಗೆ ರಾಜ್ಯವನ್ನು ಮೂರು ವಲಯ ಮಾಡಿದ್ದಾರೆ. ಅತಿ ದೊಡ್ಡದು ಉತ್ತರ-ಮಧ್ಯ ವಲಯ. ಅಲ್ಲಿ ಸಣ್ಣವು ತುಂಬಿ ತುಳುಕುತ್ತವೆ, ಹಾಗಾಗಿ 10 ಮೀನು ಇಟ್ಟುಕೊಳ್ಳಬಹುದು. ಆದರೆ 22ರಿಂದ 26 ಇಂಚಿನವನ್ನು ಬಿಡಲೇಬೇಕು, 26 ದಾಟಿದವು ಎರಡಕ್ಕಿಂತ ಹೆಚ್ಚಿರಬಾರದು. ಈಶಾನ್ಯದಲ್ಲಿ ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು. ಎರಡೇ ಮೀನು, 30ರಿಂದ 40 ಇಂಚಿನವು ವಾಪಸ್, 40 ಮೀರಿದ್ದು ಒಂದು ಮಾತ್ರ. ದಕ್ಷಿಣದಲ್ಲೂ ಎರಡೇ, 24 ಇಂಚಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ. ಕೆಲವು ಕೆರೆಗಳಿಗೆ ಬೇರೆಯದೇ ನಿಯಮ ಇರುತ್ತದೆ. ದಂಡೆಯ ಬೋರ್ಡನ್ನೂ ಆ ವರ್ಷದ ನಿಯಮಪುಸ್ತಕವನ್ನೂ ಓದದೆ ನನ್ನ ಮಾತು ನಂಬಿ ಹೋಗಬೇಡಿ. ಉದ್ದ ಅಳೆಯುವುದು ಮೂತಿಯ ತುದಿಯಿಂದ, ಬಾಲವನ್ನು ಒತ್ತಿ ಹಿಡಿದು ಅದರ ತುದಿವರೆಗೆ.

ದೊಡ್ಡದನ್ನು ಯಾಕೆ ಹೀಗೆ ಕಾಯುತ್ತಾರೆ ಅನ್ನುವುದು ಮಲೆನಾಡಿನವರಿಗೆ ಬೇಗ ಹೊಳೆಯುತ್ತದೆ. ನಮ್ಮೂರ ಕಡೆ ಮೊದಲ ಜೋರು ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುಮೀನು ಏರುತ್ತವಲ್ಲ, ಹೊಟ್ಟೆ ತುಂಬ ಮೊಟ್ಟೆ ಹೊತ್ತು? ರಾತ್ರಿ ಟಾರ್ಚು ಕತ್ತಿ ಹಿಡಿದು ಹೋಗಿ ನಾನೂ ಕಡಿದಿದ್ದೇನೆ. "ಬಸುರಿ ಮೀನು ಕಡೀಬೇಡ್ರೋ" ಅಂತ ಅಜ್ಜಿ ಗೊಣಗುತ್ತಿದ್ದಳು, ಆಮೇಲೆ ಅವಳೇ ಸಾರು ಮಾಡುತ್ತಿದ್ದಳು. ನಾರ್ದರ್ನ್ ಮಾಡುವುದೂ ಅದನ್ನೇ. ಏಪ್ರಿಲ್ ಸುಮಾರಿಗೆ ಮಂಜು ಕರಗುತ್ತಿದ್ದಂತೆ ದಂಡೆಯ ಜೌಗಿಗೆ ಏರಿ, ಮುಳುಗಿದ ಹುಲ್ಲಿಗೆ ಮೊಟ್ಟೆ ಅಂಟಿಸಿ ಹೋಗುತ್ತದೆ. 40 ಇಂಚಿನ ಮೀನು ಅಂದರೆ ಹೆಚ್ಚುಕಡಿಮೆ 8 ಕೆಜಿ, ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಜೀವ, ಮತ್ತು ಬಹುತೇಕ ಹೆಣ್ಣೇ. ಗಂಡು ಅಷ್ಟು ಬೆಳೆಯುವುದಿಲ್ಲ. ಅವಳು ತನ್ನ ಜಾತಿಯ ಚಿಕ್ಕವನ್ನೂ ನುಂಗುತ್ತಾಳೆ. ದೊಡ್ಡವನ್ನೆಲ್ಲ ಹಿಡಿದು ಮುಗಿಸಿದ ಕೆರೆಯಲ್ಲಿ ಸುತ್ತಿಗೆ ಹಿಡಿಗಳೇ ಕಿಕ್ಕಿರಿದು, ತಿನ್ನಲು ಸಾಲದೆ, ಇದ್ದಲ್ಲೇ ಕುಬ್ಜವಾಗಿ ಉಳಿಯುತ್ತವೆ.

ಈಶಾನ್ಯದಲ್ಲಿ 40 ಮೀರಿದ ಒಂದನ್ನು ಒಯ್ಯಲು ಕಾನೂನು ಅಡ್ಡಿ ಮಾಡುವುದಿಲ್ಲ. ನಾನು ಬೇಡ ಅನ್ನುತ್ತೇನೆ, ಯಾಕೆಂದರೆ ಒಮ್ಮೆ ಒಯ್ದಿದ್ದೇನೆ.

ಈಲಿ ಊರಿನಿಂದ ಉತ್ತರಕ್ಕೆ, ಜೂನ್ ತಿಂಗಳ ಸಂಜೆ. 41 ಇಂಚು. ಗಂಟುಗಂಟಿನ ನೈಲಾನ್ ಬಲೆಯಲ್ಲಿ ಎತ್ತಿ ಅಲ್ಯೂಮಿನಿಯಂ ದೋಣಿಯ ಒಣ ತಳಕ್ಕೆ ಹಾಕಿದೆ. ಅದು ಒಮ್ಮೆ ಹೊರಳಿದ್ದಕ್ಕೆ ಮೂರು ಕವಲಿನ ಗಾಳ ಬಾಯಿಯನ್ನೂ ಬಲೆಯನ್ನೂ ಸೇರಿಸಿ ಹೊಲಿದುಬಿಟ್ಟಿತು. ಇಕ್ಕಳ ಪೆಟ್ಟಿಗೆಯ ತಳದಲ್ಲಿ, ಗೆಳೆಯನ ಫೋನು ಜಿಪ್‌ಚೀಲದೊಳಗೆ. ಕಿವಿರಿಗೆ ಬೆರಳು ತೂರಿಸಿ ನೇತಾಡಿಸಿ ಹಿಡಿದುಕೊಂಡು ಹಲ್ಲು ಕಿರಿದೆ. "ಇನ್ನೊಂದು, ಇನ್ನೊಂದು, ಈಗ ಸೂರ್ಯನ ಕಡೆ ತಿರುಗು." ನೀರಿಗೆ ಬಿಟ್ಟಾಗ ಮೀನು ಒಂದು ಪಕ್ಕಕ್ಕೆ ವಾಲಿ ನಿಧಾನ ಇಳಿಯಿತು. ಹೋಯ್ತು ಅಂದುಕೊಂಡೆವು. ಅರ್ಧ ಗಂಟೆ ಬಿಟ್ಟು ಜೊಂಡಿನ ಹತ್ತಿರ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಆಮೇಲೆ ಫೋಟೊಗಳ ಸಮಯ ನೋಡಿದೆ: ಮೊದಲನೆಯದು 6:42, ಕೊನೆಯದು 6:47.

ಹಾಳು ಮಾಡಬಾರದೆಂದು ಮನೆಗೆ ತಂದೆ. ಹೆಂಡತಿ ಆಗ ಬಸುರಿ. 30 ಇಂಚು ದಾಟಿದ ನಾರ್ದರ್ನನ್ನು ಬಸುರಿಯರೂ 15ರೊಳಗಿನ ಮಕ್ಕಳೂ ತಿನ್ನಬಾರದು ಅನ್ನುತ್ತದೆ ಇಲ್ಲಿನ ಆರೋಗ್ಯ ಇಲಾಖೆ. ಮೀನು ತಿಂದು ಬದುಕುವ ಮೀನು ಮುದಿಯಾದಷ್ಟೂ ಮೈಯಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಫ್ರೀಜರ್ ಬಾಗಿಲು ತೆಗೆದಾಗಲೆಲ್ಲ ಆ ಪೊಟ್ಟಣ ನನ್ನನ್ನೇ ನೋಡುತ್ತಿತ್ತು.

ಹಾಗಾಗಿ ದೋಣಿ ಹತ್ತುವ ಮೊದಲೇ ಮುಗಿಸಬೇಕಾದ ಕೆಲಸಗಳಿವೆ. ಗಾಳದ ಒಳಮುಳ್ಳನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿ. ದಾರ ಸಡಿಲ ಬಿಡದಿದ್ದರೆ ಮೀನು ತಪ್ಪಿಸಿಕೊಳ್ಳುವುದಿಲ್ಲ, ಬಿಚ್ಚುವುದು ಮಾತ್ರ ಎರಡು ಸೆಕೆಂಡಿನ ಕೆಲಸ. ಗಾಳದ ಮುಂದೆ ಉಕ್ಕಿನ ತಂತಿಯೋ ದಪ್ಪ ಫ್ಲೋರೋಕಾರ್ಬನ್ ದಾರವೋ ಇರಲಿ, ಇಲ್ಲದಿದ್ದರೆ ಹಲ್ಲು ದಾರ ಕತ್ತರಿಸಿ ಮೀನು ಗಾಳ ಕಚ್ಚಿಕೊಂಡೇ ಓಡುತ್ತದೆ. ಕೋಲು ಗಟ್ಟಿಯಾಗಿರಲಿ. ತೆಳು ಕೋಲಿನಲ್ಲಿ ಇಪ್ಪತ್ತು ನಿಮಿಷ ಆಟವಾಡಿಸಿದೆ ಅಂತ ಕೊಚ್ಚಿಕೊಳ್ಳುವವರಿದ್ದಾರೆ, ಆ ಮೀನಿಗೆ ಆಮೇಲೆ ಉಸಿರೇ ಉಳಿದಿರುವುದಿಲ್ಲ. ಬಲೆ ರಬ್ಬರ್ ಲೇಪದ್ದು, ದೊಡ್ಡದು. ಉದ್ದ ಮೂತಿಯ ಇಕ್ಕಳ ಮತ್ತು ಗಾಳ ತುಂಡರಿಸುವ ಕಟ್ಟರ್ ಕೈಗೆ ಸಿಗುವಲ್ಲಿ ಇಡಿ. ಕಟ್ಟರ್ ದುಬಾರಿ ಅನ್ನಿಸಿದರೆ ಸ್ವಂತ ಹೆಬ್ಬೆರಳಿಗೆ ಗಾಳ ಹೊಕ್ಕ ದಿನ ನೆನೆಸಿಕೊಳ್ಳಿ.

ಮೀನು ಬಲೆಗೆ ಬಂದ ಮೇಲೂ ಬಲೆ ನೀರಿನಲ್ಲೇ ಇರಲಿ, ಅಲ್ಲೇ ಗಾಳ ಬಿಚ್ಚಿ. ಗಾಳ ನುಂಗಿದ್ದರೆ ಎಳೆಯಬೇಡಿ, ಆದಷ್ಟು ಒಳಗೆ ತಂತಿ ಕತ್ತರಿಸಿ. ಕೈ ಒದ್ದೆ ಮಾಡಿಕೊಳ್ಳಿ. ಮೈಮೇಲಿನ ಲೋಳೆ ಅದರ ಕವಚ, ಒಣಗೈಗೆ ಅದು ಕಿತ್ತು ಬರುತ್ತದೆ. ಕಿವಿರುಮುಚ್ಚಳದ ಒಳಅಂಚಿಗೆ ನಾಲ್ಕು ಬೆರಳು ಜಾರಿಸಿ, ಕೆಂಪು ಕಿವಿರು ಮುಟ್ಟದೆ ದವಡೆಯ ಮೂಳೆಯವರೆಗೆ ತಂದು ಹಿಡಿಯಿರಿ. ಇನ್ನೊಂದು ಕೈ ಹೊಟ್ಟೆಯ ಅಡಿಗೆ, ಮಗು ಎತ್ತಿದ ಹಾಗೆ ಅಡ್ಡಲಾಗಿ. ಫೋಟೊ ತೆಗೆಯುವವರು ಸಿದ್ಧ ಅಂದ ಮೇಲೆ ಎತ್ತಿ, ಎತ್ತುವಾಗ ನಿಮ್ಮ ಉಸಿರು ಬಿಗಿಹಿಡಿಯಿರಿ. ನಿಮಗೆ ಉಸಿರು ಬೇಕೆನಿಸಿದಾಗ ಅದಕ್ಕೂ ಬೇಕು. ಬಿಡುವಾಗ ಬಾಲದ ಬುಡ ಹಿಡಿದು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ, ಹಿಂದೆಮುಂದೆ ಎಳೆದಾಡಬೇಡಿ. ಮೊದಲು ಕಿವಿರು ತೆರೆದು ಮುಚ್ಚುವುದು ಕಾಣುತ್ತದೆ, ಆಮೇಲೆ ಬೆನ್ನು ಗಟ್ಟಿಯಾಗುವುದು ಅಂಗೈಗೆ ತಿಳಿಯುತ್ತದೆ, ಆಮೇಲೆ ಮುಖಕ್ಕೆ ನೀರು ಎರಚಿ ಹೋಗುತ್ತದೆ.

ಜುಲೈ ಸೆಖೆಯಲ್ಲಿ ದೊಡ್ಡದರ ಹಿಂದೆ ಹೋಗಲೇಬೇಡಿ. ದೊಡ್ಡ ನಾರ್ದರ್ನ್‌ಗಳು ಆಗ ತಣ್ಣಗಿನ ಆಳಕ್ಕೆ ಇಳಿದಿರುತ್ತವೆ. ಅಲ್ಲಿಂದ ಬೆಚ್ಚಗಿನ ಮೇಲ್ನೀರಿಗೆ ಎಳೆದರೆ ಬಿಟ್ಟ ಮೇಲೂ ಚೇತರಿಸಿಕೊಳ್ಳುವುದು ಕಷ್ಟ. ನೀರು 70 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ನಾನು ಸಣ್ಣ ಮೀನಿಗೆ ಹೋಗುತ್ತೇನೆ. ಚಳಿಗಾಲದಲ್ಲಿ ತದ್ವಿರುದ್ಧ: ಕೊರೆವ ಗಾಳಿಗೆ ಹೊರತೆಗೆದರೆ ಕಿವಿರು, ಕಣ್ಣು ಹೆಪ್ಪುಗಟ್ಟುತ್ತವೆ, ಮಂಜುಗಡ್ಡೆಯಲ್ಲಿ ಕೊರೆದ ತೂತಿನ ನೀರಲ್ಲೇ ಬಿಚ್ಚಿ ಬಿಡಬೇಕು. ಮೀನು ಕಚ್ಚಿದಾಗ ತೂತಿನ ಮೇಲಿಟ್ಟ ಗಾಳದ ಪುಟ್ಟ ಬಾವುಟ ಏಳುತ್ತದೆ, ಅದು ಕಂಡ ತಕ್ಷಣ ಓಡಿ, ಥರ್ಮಾಸ್ ಕಾಫಿ ಮುಗಿಸಿ ಹೋದರೆ ಗಾಳ ಹೊಟ್ಟೆಗೆ ಇಳಿದಿರುತ್ತದೆ.

ಒಂದು ಅಡ್ಡಮಾತು. ಮಿಲ್ ಲ್ಯಾಕ್ಸ್ ಸರೋವರದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನ ಬಲೆ ಹಾಕುವುದನ್ನು ಕಂಡು ಗೊಣಗುವವರು ದಂಡೆಯಲ್ಲಿ ಸಿಗುತ್ತಾರೆ. ಸುಮ್ಮನೆ ತಲೆಯಾಡಿಸಬೇಡಿ. ಅದು 1837ರ ಒಪ್ಪಂದದಲ್ಲಿ ಅವರು ಉಳಿಸಿಕೊಂಡ ಹಕ್ಕು, 1999ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು. ನಾರ್ದರ್ನ್‌ಗೆ ಅವರ ಮಾತಿನಲ್ಲಿ ಗಿನೋಝೆ ಎಂಬ ಹೆಸರಿದೆ, ಅದನ್ನು ಕಲಿತರೆ ಚೆನ್ನ.

ನನ್ನ ಸಸ್ಯಾಹಾರಿ ಗೆಳೆಯನೊಬ್ಬ ಕೇಳುತ್ತಾನೆ: "ತಿನ್ನಲ್ಲ ಅಂದ್ಮೇಲೆ ಅದರ ಬಾಯಿ ಯಾಕೆ ಹರೀತೀಯಪ್ಪಾ? ಶೃಂಗೇರಿಯಲ್ಲಿ ಮಂಡಕ್ಕಿ ಹಾಕಿ ಕೈಮುಗಿದವನಲ್ವಾ ನೀನು?" ನಗಾಡಿ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು. ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ಸ್ವಿಟ್ಜರ್ಲೆಂಡ್ ನಿಷೇಧಿಸಿದೆ. ಜರ್ಮನಿಯ ಕಾನೂನು ಪ್ರಾಣಿಗೆ ನೋವು ಕೊಡಲು ತಕ್ಕ ಕಾರಣ ಕೇಳುತ್ತದೆ. 1986ರಲ್ಲಿ 55 ಪೌಂಡ್ ತೂಗಿ ವಿಶ್ವದಾಖಲೆ ಬರೆದ ಪೈಕ್ ಸಿಕ್ಕಿದ್ದೂ ಆ ಜರ್ಮನಿಯಲ್ಲೇ. ಅವನಿಗೆ ಒಪ್ಪಿಗೆಯಾಗುವ ಉತ್ತರ ನನ್ನ ಹತ್ತಿರ ಇಲ್ಲ. ನಾನು ಮಾಡಿಕೊಂಡಿರುವುದು ಇಷ್ಟು: ಹೋಗುವುದು ತಿನ್ನುವ ಮೀನಿಗೆ. ನಡುವೆ ದೊಡ್ಡದೊಂದು ಬಂದರೆ ಬಿಡುತ್ತೇನೆ. ಎರಡನೆಯದೂ ಬಂದರೆ ಅವತ್ತಿಗೆ ಗಾಳ ಸುತ್ತಿಟ್ಟು ದಡಕ್ಕೆ. ಮಿನಿಸೋಟದ ಹಳೆಯ ದಾಖಲೆ 1929ರಲ್ಲಿ ಬಾಸ್‌ವುಡ್ ಸರೋವರದಲ್ಲಿ ಸಿಕ್ಕ 45 ಪೌಂಡ್ 12 ಔನ್ಸ್. ಈಗ ಬಿಟ್ಟ ಮೀನಿಗೂ ರಾಜ್ಯ ದಾಖಲೆ ಕೊಡುತ್ತದೆ, ಉದ್ದದ ಲೆಕ್ಕದಲ್ಲಿ. ಹೆಸರು ಬೇಕೆನ್ನುವವರಿಗೆ ಅದೂ ಇದೆ.

ತಿನ್ನಲು 20 ಇಂಚಿನ ಆಸುಪಾಸಿನವು ಚೆನ್ನ, ದಕ್ಷಿಣ ವಲಯದ್ದು ಬಿಟ್ಟು. ಬೆನ್ನಿನ ಮಾಂಸದಲ್ಲಿ ಕವಲೊಡೆದ ಮುಳ್ಳುಗಳ ಸಾಲಿದೆ, ಅದಕ್ಕೇ ಇಲ್ಲಿನವರು ಇದನ್ನು ಜರಿಯುವುದು. ಮುಳ್ಳಿನ ಮೀನು ತಿಂದು ಬೆಳೆದ ನಮಗೆ ಅದೊಂದು ಲೆಕ್ಕವಲ್ಲ. ಮುಳ್ಳು ಬೇಡವೆಂದರೆ ಇಲ್ಲಿನ ಅಜ್ಜಿಯರಂತೆ ವಿನೆಗರ್‌ನಲ್ಲಿ ಉಪ್ಪಿನಕಾಯಿ ಹಾಕಿ, ಹುಳಿಗೆ ಮುಳ್ಳು ಮೆತ್ತಗಾಗುತ್ತದೆ. ನಾನು ಅದಕ್ಕೆ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ ಸೇರಿಸುತ್ತೇನೆ. ಪಕ್ಕದ ಮನೆಯ ನಾರ್ವೆ ಮೂಲದ ಮುದುಕ ಮೊದಲ ಸಲ ಕೆಮ್ಮಿದ, ಈಗ ಬಾಟಲಿ ಕೇಳುತ್ತಾನೆ.

ಉದ್ದ ಇಕ್ಕಳ ನನ್ನಲ್ಲಿ ಎರಡು ಜೊತೆ ಇವೆ. ಮೇ ತಿಂಗಳಲ್ಲಿ ಮೊದಲ ಸಲ ಹೊರಟವರು ಒಂದನ್ನು ಒಯ್ಯಬಹುದು, ವಾಪಸ್ ತರುವಾಗ ಒರೆಸಿ ತನ್ನಿ, ತುಕ್ಕು ಹಿಡಿಯುತ್ತೆ.