ಆಲೂಗಡ್ಡಿ ಯಾವಾಗ ಹಚ್ಚಬೇಕು? ಕಲಬುರಗಿ ಹಿತ್ತಲದಾಗ ನನ್ನ ಅನುಭವ

ಕಲಬುರಗಿ ಬಿಸಿಲಾಗ ಆಲೂಗಡ್ಡಿ ಬರ್ತಾವೇನ್ರಿ ಅಂತ ಭಾಳ ಮಂದಿ ಕೇಳ್ತಾರ. ಬರ್ತಾವ್ರಿ, ಛಲೋ ಬರ್ತಾವ, ಆದ್ರ ಟೈಮ್ ಸರಿ ಹಿಡೀಬೇಕು ಅಷ್ಟ. ನಾನು ಹಚ್ಚೋ ದಿನ ಮೊದಲು ನೋಡಂಗಿಲ್ಲ, ಗಡ್ಡಿ ಕಟ್ಟೋ ದಿನ ನೋಡ್ತೀನಿ, ಅಲ್ಲಿಂದ ಹಿಂದಕ್ಕ ಎಣಿಸ್ಕೊಂಡು ಬರ್ತೀನಿ.

ಯಾಕಂದ್ರ ಗಿಡ ಬಿಸಿಲಾಗೂ ಹಸರ್ಗೆ ಎದ್ದು ನಿಲ್ತದ, ನೋಡಾಕ ಖುಷಿನೂ ಆಗ್ತದ, ಆದ್ರ ಕೆಳಗ ಗಡ್ಡಿ ಕಟ್ಟಬೇಕಂದ್ರ ರಾತ್ರಿ ಥಂಡಿ ಬೇಕೇ ಬೇಕು. ರಾತ್ರಿ 15ರಿಂದ 20 ಡಿಗ್ರಿ ಒಳಗಿದ್ರ ಎಲಿ ಹಗಲೆಲ್ಲಾ ಮಾಡಿದ ಆಹಾರ ಗಡ್ಡಿಗೆ ಇಳೀತದ, ರಾತ್ರಿನೂ ಸೆಕಿ ಇದ್ರ ಗಿಡ ಅದನ್ನ ತನ್ನ ಉಸಿರಿಗೇ ಖರ್ಚು ಮಾಡ್ಕೋತದ, ಗಡ್ಡಿಗೆ ಏನೂ ಉಳಿಯಂಗಿಲ್ಲ. ಹಚ್ಚಿದ ಸುಮಾರು 30-40 ದಿನಕ್ಕ ಗಡ್ಡಿ ಹಿಡಿಯಾಕ ಶುರು, ಆಮ್ಯಾಲ ಇನ್ನೊಂದು ತಿಂಗಳು ದೊಡ್ಡದಾಗೋ ಕಾಲ. ನಮ್ಮಲ್ಲಿ ಖರೇ ಥಂಡಿ ಅಂದ್ರ ಡಿಸೆಂಬರ್, ಜನವರಿ, ಅಷ್ಟ. ಫೆಬ್ರವರಿ ಅರ್ಧ ಆತಂದ್ರ ಬಿಸಲು ಏರ್ತದ. ಅಂದ್ರ ಗಡ್ಡಿ ಹಿಡಿಯೋದು ಡಿಸೆಂಬರ್‌ದಾಗ ಬರಬೇಕು, ಹಚ್ಚೋದು ದೀಪಾವಳಿ ಆಸುಪಾಸು, ಅಕ್ಟೋಬರ್ ಕೊನಿಯಿಂದ ನವೆಂಬರ್ ಮೊದಲ ಎರಡು ವಾರದಾಗ.

ಹಾಸನ ಕಡಿಯವರು ಮೇ-ಜೂನ್‌ದಾಗ ಹಚ್ತಾರ, ಅದನ್ನ ನೋಡಿ ಇಲ್ಲೂ ಮುಂಗಾರ್ಯಾಗ ಹಚ್ಚಬ್ಯಾಡ್ರಿ. ಅವರ ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರ, ಮಳಿಗಾಲದಾಗ ತಂಪು. ನಮ್ಮದು ಅದರ ಅರ್ಧ ಎತ್ತರನೂ ಇಲ್ಲ, ಅದರ ಮ್ಯಾಲ ಎರಿ (ಕಪ್ಪು) ಮಣ್ಣು, ನಾಲ್ಕು ದಿನ ಮಳಿ ಹಿಡೀತಂದ್ರ ನೀರು ಬಸಿಯಂಗಿಲ್ಲ, ಬೀಜ ಅಂತ ಹಚ್ಚಿದ ಗಡ್ಡಿ ಒಳಗೇ ಕೊಳೀತದ.

ತಾರೀಖು ಒಂದೇ ನಂಬಿ ಕೂಡಂಗಿಲ್ಲ ನಾನು. ಹಿತ್ತಲ ಗ್ವಾಡಿಗೆ ಒಂದು ಥರ್ಮಾಮೀಟರ್ ತೂಗು ಹಾಕೀನಿ, ದಸರಾ ಮುಗದ ಮ್ಯಾಲ ದಿನಾ ನಸುಕಿನ್ಯಾಗ ನೋಡ್ತೀನಿ, 20ರ ಕೆಳಗ ಬಂದು ಒಂದು ವಾರ ಅಲ್ಲೇ ನಿಂತಿರಬೇಕು. ಒಂದು ದಿನ ಮಳಿ ಬಂದು ತಂಪಾಗಿದ್ದು ಲೆಕ್ಕಕ್ಕಿಲ್ಲ. ಥರ್ಮಾಮೀಟರ್ ಇಲ್ಲಂದ್ರೂ ಗೊತ್ತಾಗ್ತದ, ರಾತ್ರಿ ಫ್ಯಾನ್ ಬಂದ್ ಮಾಡಿ ಚಾದರ ಎಳ್ಕೊಳ್ಳಾಕ ಶುರು ಆಗಿರ್ತದ, ಮುಂಜಾನಿ ತೊಗರಿ ಎಲಿ ಮ್ಯಾಲ ಇಬ್ಬನಿ ಕಾಣ್ತದ. ಆಮ್ಯಾಲ ಮಣ್ಣು. ಚಿತ್ತಿ ಮಳಿ ಸ್ವಾತಿ ಮಳಿ ಜೋರಾದ ವರ್ಷ ಒಂದು ವಾರ ತಡಾ ಆದ್ರೂ ಆಗ್ಲಿ ಅಂತ ಕಾಯ್ತೀನಿ. ಒಂದು ಗೇಣು ಕೆಳಗಿನ ಮಣ್ಣು ತಗದು ಮುಷ್ಟ್ಯಾಗ ಹಿಚುಕಿ ಕೈ ಬಿಚ್ಚಬೇಕು, ಉಂಡಿ ಆಗಿ ಕೈಗೆ ಅಂಟ್ಕೊಂಡ್ರ ಇನ್ನೂ ಹಸಿ, ಹೆಬ್ಬೆರಳು ಒತ್ತಿದ ಕೂಡಲೇ ಒಡದು ಉದುರಿದ್ರ ಹದ ಬಂದದ ಅಂತ ಅರ್ಥ.

ಬೀದರದಾಗ ನಮ್ಮ ಅಕ್ಕನ ಮನಿ ಅದ, ಆಕಿ ನನಗಿಂತ ಮೊದಲೇ ಹಚ್ತಾಳ. ಫೋನ್ ಮಾಡಿ, "ತಮ್ಮಾ, ಇಲ್ಲಿ ಆಗಲೇ ಸ್ವೆಟರ್ ಹಾಕ್ಕೊಂಡೀವಿ, ನೀ ಇನ್ನೂ ಏನ್ ಕಾಯ್ಲಿಕತ್ತೀ" ಅಂತಾಳ. ಖರೇನೇ ಅದ, ಬೀದರ ನಮಗಿಂತ ಎತ್ತರದಾಗ ಅದ, ಥಂಡಿ ಬೇಗ ಬರ್ತದ, ಆಕಿ ಹಿತ್ತಲದ ಕೆಂಪು ಮಣ್ಣು ನೀರು ಹಿಡಿದು ನಿಲ್ಸಂಗಿಲ್ಲ. ಯಾದಗಿರಿ ಕಡಿ ಸೆಕಿ ಜಾಸ್ತಿ, ಅಲ್ಲಿಯವರು ನವೆಂಬರ್ ನಡುವಿನ ತನಕ ಕಾಯೋದೇ ಛಲೋ ಅಂತ ನನ್ನ ಅನಿಸಿಕಿ.

ಈಗ ಬೀಜದ ಮಾತು, ಇದು ಭಾಳ ಮುಖ್ಯ. ಥಂಡಿ ಬಂದ ಮ್ಯಾಲ ಮಾರ್ಕೆಟಿಗೆ ಓಡಿದ್ರ ಆಗಂಗಿಲ್ಲ, ಮೊಳಕಿ ಒಡೀಲಿಕ್ಕೇ ಎರಡು ಮೂರು ವಾರ ಬೇಕು, ಅದಕ್ಕ ದಸರಾಕ್ಕೇ ಬೀಜ ಮನ್ಯಾಗ ಇರಬೇಕು. ಆ ಟೈಮಿಗೆ ಮಾರ್ಕೆಟ್‌ದಾಗ ಎರಡು ಥರದ ಆಲೂಗಡ್ಡಿ ಇರ್ತಾವ. ಹೆಬ್ಬೆರಳಿಲೆ ಉಜ್ಜಿ ನೋಡ್ರಿ, ಸಿಪ್ಪಿ ತೆಳ್ಳಗ ಸುಲಕೊಂಡು ಬಂತಂದ್ರ ಅದು ಮುಂಗಾರಿ ಹೊಸಾ ಮಾಲು, ಪಲ್ಯಾಕ್ಕ ಛಲೋ, ಬೀಜಕ್ಕ ಬ್ಯಾಡ. ಕಿತ್ತ ಮ್ಯಾಲ ಎರಡು ಎರಡೂವರಿ ತಿಂಗಳು ಅದು ಮಲಗೇ ಇರ್ತದ, ಎಷ್ಟು ನೀರು ಹಾಕಿದ್ರೂ ಏಳಂಗಿಲ್ಲ. ಸಿಪ್ಪಿ ಗಟ್ಟಿ ಇದ್ದು, ಸ್ವಲ್ಪ ಬಾಡಿ, ಕಣ್ಣು (ಮೊಳಕಿ ಒಡಿಯೋ ಜಾಗಾ) ಉಬ್ಬಿದ್ದು ಕೋಲ್ಡ್ ಸ್ಟೋರೇಜಿಂದ ಬಂದ ಹಳೇ ಮಾಲು, ಅದರಾಗ ಆರಿಸ್ರಿ. ಅದರಾಗೂ ಕೆಲವಕ್ಕ ಮೊಳಕಿ ಬರಬಾರ್ದು ಅಂತ ಔಷಧ ಹೊಡದಿರ್ತಾರ, ಅದಕ್ಕೇ ಮೊಳಕಿ ಬಂದದ್ದು ಕಾಣೋತನಕ ಮಣ್ಣಿಗೆ ಇಡಬ್ಯಾಡ್ರಿ. ಬೀಜಕ್ಕಂತಲೇ ಮಾರೋ ಗಡ್ಡಿ ಸಿಕ್ಕರ ಅದೇ ಎಲ್ಲಕ್ಕಿಂತ ಛಲೋ. ಕುಫ್ರಿ ಚಂದ್ರಮುಖಿ ಬೇಗ ಬರೋ ತಳಿ, ನಮ್ಮ ಸಣ್ಣ ಥಂಡಿಗಾಲಕ್ಕ ಹೊಂದ್ತದ, ಕುಫ್ರಿ ಸೂರ್ಯ ಅಂತ ಸೆಕಿ ತಡ್ಕೊಳ್ಳೋ ತಳಿನೂ ಅದ.

ಮೊಳಕಿಗೆ ಕತ್ತಲದಾಗ ಇಡಬ್ಯಾಡ್ರಿ, ಬಿಳಿ ದಾರದಂಗ ಉದ್ದಾಗಿ ಮುಟ್ಟಿದ್ರ ಮುರೀತದ. ನಾನು ತತ್ತಿ ಟ್ರೇದಾಗ ಕಣ್ಣು ಮ್ಯಾಲ ಮಾಡಿ ಪಡಸಾಲಿ ಕಿಡಕಿ ಹತ್ರ ಇಡ್ತೀನಿ, ನೇರ ಬಿಸಲು ಬೀಳಬಾರ್ದು, ಬೆಳಕು ಇರಬೇಕು. ಅಲ್ಲಿ ಮೊಳಕಿ ಗಿಡ್ಡ, ದಪ್ಪ, ನೇರಳಿ ಬಣ್ಣದ್ದಾಗಿ ಬರ್ತದ. ಒಂದು ಸೆಂಟಿಮೀಟರ್ ಆದ್ರ ಸಾಕು.

ಹೋಳು ಮಾಡೋದು ನನಗ ಸರಿ ಬರಂಗಿಲ್ಲ. ನಮ್ಮ ಮಣ್ಣು ನವೆಂಬರ್‌ದಾಗೂ ಬೆಚ್ಚಗಿರ್ತದ, ಕೊಯ್ದ ಜಾಗಾದಿಂದ ಕೊಳಿ ಹಿಡೀತದ, ಸಣ್ಣ ಇಡೀ ಗಡ್ಡಿನೇ ಹಚ್ತೀನಿ, 40 ಗ್ರಾಂ ಸುತ್ತ. ಹೋಳು ಮಾಡ್ಲೇಬೇಕಂದ್ರ ಒಂದಕ್ಕ ಎರಡು ಕಣ್ಣರ ಇರ್ಲಿ, ಬೂದಿ ಹಚ್ಚಿ ಒಂದು ದಿನ ನೆರಳಾಗ ಆರಸ್ರಿ. ತಿಪ್ಪಿ ಗೊಬ್ಬರ ಹಾಕಿ ಬೋದು (ಮಣ್ಣಿನ ಏರಿ) ಎತ್ತರ ಮಾಡಿ ಎರಡು ಬೋದಿನ ನಡುವ ಎರಡು ಫೂಟ್ ಬಿಡ್ತೀನಿ. ಒಂದು ತಿಂಗಳಿಗೆ ಬುಡಕ್ಕ ಮಣ್ಣು ಏರಿಸ್ತೀನಿ, ಬಿಸಲು ತಾಗಿದ ಗಡ್ಡಿ ಹಸರಾಗ್ತದ, ಹಸರಾಗಿದ್ದು ತಿನ್ನಬಾರ್ದು.

ಎಳ್ಳ ಅಮಾಸಿ ಹೊತ್ತಿಗೆ ಗಿಡದ ಬುಡದಾಗ ಮಣ್ಣು ಬಿರುಕು ಬಿಟ್ಟಿರ್ತದ, ಗಡ್ಡಿ ದಪ್ಪ ಆಗ್ಲಿಕತ್ತದ ಅಂತ ಅದರಿಂದ ತಿಳೀತದ. ಜನವರಿ ಕೊನಿಗೆ ಎಲಿ ಹಳದಿ ಆಗಾಕ ಹತ್ತಿದ್ರ ನೀರು ಬಂದ್, ಹತ್ತು ದಿನ ಬಿಟ್ಟು ಅಗೀತೀನಿ, ಸಿಪ್ಪಿ ಗಟ್ಟಿ ಆಗಿರ್ತದ. ಇವನ್ನೇ ಮುಂದಿನ ವರ್ಷದ ಬೀಜಕ್ಕ ಇಡೋಣ ಅಂದ್ರ ನಮ್ಮಲ್ಲಿ ಆಗಂಗಿಲ್ಲ, ಮೇ ತಿಂಗಳ 40 ಡಿಗ್ರಿ ಮ್ಯಾಲಿನ ಸೆಕ್ಯಾಗ ಮನ್ಯಾಗ ಇಟ್ಟಿದ್ದು ಬಾಡಿ ಕೊಳೀತಾವ, ಹಂಗಾಗಿ ಎಲ್ಲಾ ತಿಂದು ಹಂಚಿ ಮುಗಿಸಿ, ಬೀಜ ಮತ್ತ ದಸರಾಕ್ಕೇ ತರೋದು.