ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟಾಪು: ಕೊಡಗಿನ ಕಕ್ಕಡ ತಿಂಗಳ ಮಳೆಗೆ ಮೊದಲೇ ಮುಗಿಸಿ

ಬಟ್ಟೆಯ ಟಾಪಿರುವ ಹಳೆಯ ಸ್ಪೋರ್ಟ್ಸ್ ಕಾರನ್ನು ಸರಿಪಡಿಸಲು ಹೊರಟವರು ಎಂಜಿನ್ನಿಗೂ ಪೇಂಟಿಗೂ ಧಾರಾಳವಾಗಿ ಖರ್ಚು ಮಾಡಿ, ಟಾಪನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಟ್ಟುಬಿಡುತ್ತಾರೆ. ಬಯಲುಸೀಮೆಯಲ್ಲಿ ಅದು ಹೇಗೋ ನಡೆದೀತು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗೂ ಮೀರಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಇಲ್ಲಿ ಟಾಪು ಸೋರಿತೆಂದರೆ ಮೊದಲು ಕಾರ್ಪೆಟ್ ನೆನೆಯುತ್ತದೆ, ನೆನೆದದ್ದು ತಿಂಗಳುಗಟ್ಟಲೆ ಒಣಗುವುದಿಲ್ಲ, ಅದರಡಿಯ ತಗಡು ತುಕ್ಕು ಹಿಡಿದು ತೂತಾಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಟಿಂಕರಿಂಗ್ ಒಂದೇ ಮಳೆಗಾಲಕ್ಕೆ ಹಾಳಾಗಲು ಇಷ್ಟು ಸಾಕು.

ಉದಾಹರಣೆಗೆ ಎಂಜಿಬಿ ರೋಡ್‌ಸ್ಟರ್ ಅನ್ನು ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಕಾರು ಇದು. ಅದೇ ಕಾಲದ ಟ್ರಯಂಫ್ ಸ್ಪಿಟ್‌ಫೈರ್‌ಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿರುವವರಿಗೆ ಒಂದು ಮಾತು: ಸ್ಪಿಟ್‌ಫೈರ್ ನಿಂತಿರುವುದು ಆ ಹೆರಾಲ್ಡಿನ ಚಾಸಿಯನ್ನೇ ಗಿಡ್ಡ ಮಾಡಿದ ಚಾಸಿಯ ಮೇಲೆ. ಇನ್ನು ಎಂಜಿಬಿ ಜಿಟಿಯಂಥ ತಗಡಿನ ಟಾಪಿನ ಕಾರುಗಳ ಲೆಕ್ಕವೇ ಬೇರೆ. ಅಲ್ಲಿ ಟಾಪು ಬಾಡಿಗೆ ವೆಲ್ಡ್ ಆಗಿರುತ್ತದೆ. ಬಾಗಿಲಿನ ಚೌಕಕ್ಕೆ ಆಸರೆ ಕಂಬಿ ಕೊಡದೆ ಅದನ್ನು ಕತ್ತರಿಸಿದರೆ ಬಾಡಿಯ ಅಳತೆಯೇ ತಪ್ಪುತ್ತದೆ. ಆ ಕೆಲಸವನ್ನು ನುರಿತ ಟಿಂಕರ್‌ಗೆ ಬಿಡಿ.

ಯಾವಾಗ ಮಾಡಬೇಕು

ಹುತ್ತರಿ ಹಬ್ಬ ಕಳೆದು ಕಾಫಿ ಕೊಯ್ಲು ಮುಗಿಯುವ ಹೊತ್ತು, ಅಂದರೆ ಫೆಬ್ರವರಿಯಿಂದ ಕಾಫಿ ಅರಳಿಸುವ ಹೂಮಳೆ ಬೀಳುವ ತನಕದ ದಿನಗಳು ಇದಕ್ಕೆ ಹೇಳಿ ಮಾಡಿಸಿದ ಕಾಲ. ರೆಕ್ಸಿನ್ ಟಾಪು ಚಳಿಯಲ್ಲಿ ಬಿರುಸಾಗಿ ಕುಗ್ಗಿಕೊಂಡಿರುತ್ತದೆ. ಬಿಸಿಲಲ್ಲಿ ಹರಡಿಟ್ಟರೆ ಮೆತ್ತಗಾಗಿ ಎಳೆದತ್ತ ಬರುತ್ತದೆ. ಮಂಜಿನ ಬೆಳಿಗ್ಗೆ ಕೆಲಸಕ್ಕೆ ಕೈ ಹಾಕಲೇಬೇಡಿ. ಮಡಿಕೇರಿಯಲ್ಲಿ ಮಂಜು ಬಿಡದಿದ್ದರೆ ಗಾಡಿಯನ್ನು ಎರಡು ದಿನದ ಮಟ್ಟಿಗೆ ಕುಶಾಲನಗರದ ಕಡೆಗೆ ಇಳಿಸಿಕೊಳ್ಳುವುದು ವಾಸಿ. ಅಲ್ಲಿ ಬಿಸಿಲೂ ಹೆಚ್ಚು, ಗಾಳಿಯೂ ಒಣ.

ಯಾವ ಬಟ್ಟೆ

ಈ ಕಾರುಗಳು ಕಾರ್ಖಾನೆಯಿಂದ ಬಂದದ್ದು ಸಾಮಾನ್ಯವಾಗಿ ರೆಕ್ಸಿನ್ ಟಾಪಿನೊಂದಿಗೆ. ಅದು ಅಗ್ಗ, ಒರೆಸುವುದು ಸುಲಭ. ಆದರೂ ಕೊಡಗಿಗೆ ನನ್ನ ಮತ ಮೋಹೇರ್ ಎಂದು ಕರೆಯುವ ಮೂರು ಪದರದ ಬಟ್ಟೆಗೆ. ಹೊರಗೆ ನೇಯ್ದ ಬಟ್ಟೆ, ನಡುವೆ ರಬ್ಬರ್, ಒಳಗೆ ಇನ್ನೊಂದು ಬಟ್ಟೆ. ಬೆಲೆ ಹೆಚ್ಚು ನಿಜ, ಆದರೆ ಚಳಿಗೆ ಸೆಟೆದುಕೊಳ್ಳುವುದಿಲ್ಲ, ಮಡಿಸಿದ ಜಾಗದಲ್ಲಿ ಬೇಗ ಬಿರುಕು ಬಿಡುವುದಿಲ್ಲ. ಜೀಪಿಗೆ ಹಾಕುವ ದಪ್ಪ ಕ್ಯಾನ್ವಾಸ್ ಬೇಡ. ಅಷ್ಟು ಸಣ್ಣ ಫ್ರೇಮಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ.

ಹೊಲಿದು ಸಿದ್ಧವಾದ ಟಾಪನ್ನು ಹೊರದೇಶದಿಂದ ತರಿಸಿಕೊಳ್ಳಬಹುದು. ಊರಲ್ಲೇ ಹೊಲಿಸುವುದಾದರೆ ಜೀಪಿನ ಟಾಪು ಹೊಲಿದು ಪಳಗಿದವರನ್ನೇ ಹಿಡಿಯಿರಿ. ಹಳೆಯ ಟಾಪು ಎಷ್ಟೇ ಹರಿದಿದ್ದರೂ ಎಸೆಯಬೇಡಿ, ಕತ್ತರಿಸಲು ಅದೇ ಅಳತೆ. ಹತ್ತಿ ದಾರ ಮಳೆಗೆ ಕೊಳೆಯುತ್ತದೆ, ಹಾಗಾಗಿ ಪಾಲಿಯೆಸ್ಟರ್ ದಾರ ಬಳಸಲು ಹೇಳಿ. ಹೊಲಿಗೆಯ ಮಡಿಕೆಯ ಬಾಯಿ ಇಳಿಜಾರಿನ ಕಡೆಗಿರಬೇಕು, ಮೇಲ್ಮುಖವಾಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ.

ಬಿಚ್ಚುವುದು

ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಮುಂದಿನ ಗಾಜಿನ (ವಿಂಡ್‌ಸ್ಕ್ರೀನ್) ಚೌಕಟ್ಟಿಗೆ ಲಾಚ್ ಬೀಳುವ ಮುಂದಿನ ರೈಲು, ಅಂದರೆ ಫ್ರೇಮಿನ ಮುಂದಿನ ಅಡ್ಡಪಟ್ಟಿ, ಬಟ್ಟೆಯನ್ನು ಹೊರುವ ಫ್ರೇಮಿನ ಕಮಾನುಗಳನ್ನು ಹಿಡಿದಿರುವ ನವಾರು ಪಟ್ಟಿ, ಹಿಂದೆ ಡಿಕ್ಕಿಯ ಮುಂದಿರುವ ಎರಡು ಕೊಕ್ಕೆಗೆ ಸಿಕ್ಕಿಕೊಳ್ಳುವ ಕಬ್ಬಿಣದ ಪಟ್ಟಿ, ಪಕ್ಕದ ಟಿಚ್ ಬಟನ್ನುಗಳು, ಇವು ಮೂಲದಲ್ಲಿ ಎಲ್ಲಿದ್ದವು ಎಂಬುದು ಆಮೇಲೆ ಫೋಟೊದಿಂದಲೇ ಗೊತ್ತಾಗಬೇಕು. ನವಾರಿನ ಉದ್ದ ಅಳೆದು ಬರೆದಿಡಿ. ಕಮಾನುಗಳ ನಡುವಿನ ಅಂತರವನ್ನು ನಿರ್ಧರಿಸುವುದು ಅದೇ. ಅದು ಜಗ್ಗಿದ್ದರೆ ಹೊಸ ಬಟ್ಟೆಯೂ ಜಗ್ಗುತ್ತದೆ.

ಕಾರಿನ ಬಾಡಿಯ ಮೇಲೆ ಹಳೆಯ ಕಂಬಳಿ ಹೊದಿಸಿ. ಮುಂದಿನ ರೈಲಿನ ರಬ್ಬರ್ ಬೀಡಿಂಗ್ ಹಿಡಿದಿರುವ ಪಟ್ಟಿಯ ರಿವಿಟ್‌ಗಳನ್ನು ಡ್ರಿಲ್‌ನಿಂದ ತೆಗೆದು, ಬಟ್ಟೆಯನ್ನು ನಿಧಾನವಾಗಿ ಸುಲಿಯಿರಿ. ಉಳಿದ ಅಂಟನ್ನು ಥಿನ್ನರ್ ಹಾಕಿ ಕೆರೆದು ತೆಗೆಯಬೇಕು. ಒಂದು ಹನಿ ಥಿನ್ನರ್ ಕೂಡ ಪೇಂಟಿಗೆ ತಾಗದಿರಲಿ.

ಫ್ರೇಮು: ಇಲ್ಲಿ ಅವಸರ ಬೇಡ

ಟಾಪು ಸೋರುವುದಕ್ಕೆ ಎಲ್ಲರೂ ಬಟ್ಟೆಯನ್ನು ದೂರುತ್ತಾರೆ. ಎಷ್ಟೋ ಸಲ ತಪ್ಪು ಫ್ರೇಮಿನದು. ಬಟ್ಟೆಯಿಲ್ಲದ ಬರೀ ಫ್ರೇಮನ್ನು ಎತ್ತಿ, ಲಾಚ್ ಹಾಕಿ, ಎರಡೂ ಬಾಗಿಲು ಮುಚ್ಚಿ, ಗಾಜು ಪೂರ್ತಿ ಏರಿಸಿ ನೋಡಿ. ಮುಂದಿನ ರೈಲು ಗಾಜಿನ ಚೌಕಟ್ಟಿನ ಮೇಲೆ ಎರಡೂ ತುದಿಯಲ್ಲಿ ಒಂದೇ ಸಮ ಕೂತಿದೆಯೇ? ಒಂದು ಕಡೆ ಎದ್ದಿದ್ದರೆ ಫ್ರೇಮು ಬಾಗಿರಬಹುದು, ಇಲ್ಲವೇ ಬಾಗಿಲಿನ ಹಿಂಜಸ್ಸೋ ಗಾಜಿನ ಚೌಕಟ್ಟೋ ಸರಿದಿರಬಹುದು. ಬಟ್ಟೆ ಹಾಕಿದ ಮೇಲೆ ಇದನ್ನು ಸರಿಮಾಡುವುದು ಬಹಳ ಕಷ್ಟ.

ಹಳೆಯ ರೈಲಿನ ಒಳಮಡಿಕೆಯಲ್ಲಿ ತುಕ್ಕು ಅವಿತಿರುತ್ತದೆ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ, ಪುಡಿ ಉದುರಿದರೆ ಆ ಭಾಗ ಕತ್ತರಿಸಿ ಹೊಸ ತಗಡು ಹಾಕಿಸಿ. ತುಕ್ಕು ಉಜ್ಜಿ ತೆಗೆದು, ಸತುವಿನ ಪ್ರೈಮರ್ ಹೊಡೆದು, ಮೇಲೆ ಪೇಂಟ್ ಮಾಡಿ ಚೆನ್ನಾಗಿ ಒಣಗಲು ಬಿಡಿ. ಕೀಲುಗಳಿಗೆ ಹೊಸ ವಾಶರ್ ಹಾಕಿ. ಹೊಸ ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ.

ಹೊಸ ಬಟ್ಟೆ ಕೂರಿಸುವುದು

ಬಟ್ಟೆಯ ಮುಂದೆ ಹಿಂದೆ ಎರಡೂ ಅಂಚಿನ ನಡುಮಧ್ಯಕ್ಕೆ ಚಾಕ್‌ನಿಂದ ಗುರುತು ಹಾಕಿ. ರೈಲಿನ ಮಧ್ಯಕ್ಕೂ ಹಿಂದಿನ ಪಟ್ಟಿಯ ಮಧ್ಯಕ್ಕೂ ಹಾಗೇ. ಈ ಗುರುತುಗಳು ಹೊಂದಿದರೆ ಟಾಪು ಒಂದು ಕಡೆಗೆ ವಾಲುವುದಿಲ್ಲ.

ಶುರು ಮಾಡುವುದು ಹಿಂದಿನಿಂದ. ಹಳೆಯ ಟಾಪಿನ ಕಬ್ಬಿಣದ ಪಟ್ಟಿಯನ್ನು ಹೊಸದಕ್ಕೆ ವರ್ಗಾಯಿಸಿ, ಕೊಕ್ಕೆಗೆ ಸಿಕ್ಕಿಸಿ, ಬಟ್ಟೆಯನ್ನು ಕಮಾನುಗಳ ಮೇಲೆ ಹರಡಿ ಮುಂದಕ್ಕೆ ತನ್ನಿ. ರೈಲಿಗೆ ಲಾಚ್ ಹಾಕಿಟ್ಟು, ಇಬ್ಬರು ಎರಡೂ ಮೂಲೆ ಹಿಡಿದು ಸುಕ್ಕು ಹೋಗುವಷ್ಟು ಎಳೆದು, ಕ್ಲಿಪ್ಪುಗಳಿಂದ ಹಿಡಿಸಿ. ಈಗಲೇ ಅಂಟು ಬೇಡ. ಸುತ್ತ ಒಂದು ಬಾರಿ ನಡೆದು ನೋಡಿ: ಬಾಗಿಲ ಗಾಜಿನ ಮೇಲೆ ಬಟ್ಟೆಯ ಅಂಚು ಎರಡೂ ಕಡೆ ಒಂದೇ ಎತ್ತರದಲ್ಲಿದೆಯೇ, ಹಿಂದಿನ ಕಿಟಕಿ ನೇರವಾಗಿದೆಯೇ. ತೃಪ್ತಿಯಾದ ಮೇಲೆ ರೈಲಿನ ಮುಂದಂಚಿನ ಉದ್ದಕ್ಕೂ ಬಟ್ಟೆಯ ಮೇಲೆ ಚಾಕ್ ಗೆರೆ ಎಳೆಯಿರಿ.

ಈಗ ಲಾಚ್ ತೆಗೆದು ರೈಲನ್ನು ಸ್ವಲ್ಪ ಮೇಲೆತ್ತಿ, ಬಟ್ಟೆಯನ್ನು ಆ ಗೆರೆಗಿಂತ ಸುಮಾರು ಅರ್ಧ ಸೆಂಟಿಮೀಟರ್ ಮುಂದಕ್ಕೆ ತಂದು ಅಂಟಿಸಬೇಕು. ಲಾಚ್ ಹಾಕಿದಾಗ ಬಟ್ಟೆ ದುಡಿಯ ಚರ್ಮದ ಹಾಗೆ ಬಿಗಿಯಾಗುವುದು ಈ ಅರ್ಧ ಸೆಂಟಿಮೀಟರಿನಿಂದಲೇ. ಮೋಹೇರ್ ಅಷ್ಟಾಗಿ ಹಿಗ್ಗುವುದಿಲ್ಲ, ಅದಕ್ಕೆ ಇನ್ನೂ ಕಡಿಮೆ ಸಾಕು. ಆಸೆಬಿದ್ದು ಜಾಸ್ತಿ ಎಳೆದರೆ ಲಾಚ್ ಬೀಳುವುದಿಲ್ಲ, ಬಿದ್ದರೂ ಹೊಲಿಗೆ ಬಾಯಿ ಬಿಡುತ್ತದೆ.

ಅಂಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಕುಶನ್ ಕೆಲಸದವರು ಬಳಸುವ, ಬಿಸಿಲಿನ ಶಾಖ ತಡೆಯುವ ರಬ್ಬರ್ ಅಂಟನ್ನೇ ತನ್ನಿ. ರೈಲಿಗೂ ಬಟ್ಟೆಗೂ ಎರಡಕ್ಕೂ ತೆಳುವಾಗಿ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂಡಿಸಬೇಕು. ಅಂಟಿನೊಳಗಿನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಅಂಟಿನ ಮೇಲೆ ಸಣ್ಣ ಇಬ್ಬನಿ ಕೂರುತ್ತದೆ. ಓರೆಯಾಗಿ ನೋಡಿದರೆ ಮಸುಕು ಬಿಳಿಯ ಪೊರೆ ಕಾಣುತ್ತದೆ. ಅದರ ಮೇಲೆ ಒತ್ತಿದ ಬಟ್ಟೆ ಅಂಟಿದಂತೆ ಕಂಡರೂ ಮೊದಲ ಜಡಿಮಳೆಗೆ ಎದ್ದುಬರುತ್ತದೆ. ಪೊರೆ ಕಂಡರೆ ನಿಲ್ಲಿಸಿ, ಹೇರ್ ಡ್ರೈಯರಿನ ಹದವಾದ ಬಿಸಿಯಿಂದ ತೇವ ಆರಿಸಿ, ಇನ್ನೊಂದು ತೆಳುವಾದ ಕೋಟು ಕೊಡಿ. ದ್ರಾವಕದ ವಾಸನೆ ಹೋದ ಮೇಲಷ್ಟೇ ಡ್ರೈಯರ್ ಹಿಡಿಯಿರಿ, ಆ ಆವಿ ಬೆಂಕಿ ಹಿಡಿಯುವಂಥದ್ದು.

ಅಂಟಿಸುವಾಗ ಮಧ್ಯದಿಂದ ಶುರುಮಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ. ಮೂಲೆಯ ಬಟ್ಟೆಯನ್ನು ಸಣ್ಣದಾಗಿ ಸೀಳಿ ಮಡಿಸಿ, ಇಲ್ಲದಿದ್ದರೆ ಗಂಟಾಗಿ ಬೀಡಿಂಗ್ ಎದ್ದು ನಿಲ್ಲುತ್ತದೆ. ಅಂಟು ಕಚ್ಚಿದ ಮೇಲೆ ಪಟ್ಟಿ, ಹೊಸ ಬೀಡಿಂಗ್, ರಿವಿಟ್. ಟಿಚ್ ಬಟನ್ನುಗಳು ಕೊನೆಗೆ: ಬಾಡಿಯಲ್ಲಿರುವ ಗುಬುಟಿನ ಮೇಲೆ ಚಾಕ್ ಹಚ್ಚಿ ಬಟ್ಟೆ ಒತ್ತಿದರೆ ತೂತು ಎಲ್ಲಿ ಬೇಕೆಂಬ ಗುರುತು ಅದೇ ಮೂಡುತ್ತದೆ. ಆಮೇಲೆ ಟಾಪನ್ನು ಕೆಲವು ದಿನ ಮಡಿಸದೆ ಹಾಗೇ ಬಿಡಿ.

ನೀರು ಬಿಟ್ಟು ನೋಡಿ

ಮೊದಲು ಒಣ ಪರೀಕ್ಷೆ. ಬೀಡಿಂಗಿಗೂ ಗಾಜಿನ ಚೌಕಟ್ಟಿಗೂ ನಡುವೆ ಕಾಗದದ ಚೂರಿಟ್ಟು ಲಾಚ್ ಹಾಕಿ ಎಳೆಯಿರಿ. ಬಿಗಿಯಿಲ್ಲದೆ ಜಾರಿ ಬಂದ ಕಡೆ ನೀರೂ ಬರುತ್ತದೆ. ಆಮೇಲೆ ಪೈಪಿನಲ್ಲಿ ನಿಧಾನವಾಗಿ ನೀರು ಬಿಡಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋದರೆ ಸೋರುವ ಜಾಗ ಸರಿಯಾಗಿ ಸಿಗುತ್ತದೆ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಮಾತ್ರ ಬೇಡ.

ಮಳೆಗಾಲದಲ್ಲಿ ಒದ್ದೆ ಟಾಪನ್ನು ಮಡಿಸಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನು ಚಳಿಯಲ್ಲಿ ಮಡಿಸಿದರೆ ಬಿರುಕು ಬಿಡುತ್ತದೆ. ಮಡಿಸಲೇಬೇಕಾದಾಗ ನಡುವೆ ಮೆತ್ತನೆಯ ಹತ್ತಿ ಬಟ್ಟೆ ಇಡಿ. ಮೋಹೇರ್ ಮೇಲೆ ಹಸಿರು ಪಾಚಿ ಕಂಡರೆ ಮೆದು ಬ್ರಶ್, ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು ಸಾಕು, ಬ್ಲೀಚ್ ಹಾಕಿದರೆ ದಾರವೇ ಹಾಳಾಗುತ್ತದೆ. ಶೆಡ್ಡಿನಲ್ಲಿ ಗಾಳಿಯಾಡುವಂತಿರಲಿ, ಗಾಡಿಯ ಮೇಲೆ ಪ್ಲಾಸ್ಟಿಕ್ ಟಾರ್ಪಾಲು ಹೊದಿಸುವ ಬದಲು ತೇವ ಹೊರಹೋಗುವಂಥ ಬಟ್ಟೆಯ ಕವರ್ ಹಾಕಿ.